ಲಾಭ ಏರಿತು ಸರಿ, ಯಾವ ಬಾಬಿನಿಂದ ಏರಿತು?

ಪ್ರಶ್ನೆ: ನಾನು ಬಸವನ ಬಾಗೇವಾಡಿ ಭಾಗದವನು. ನನ್ನ ಮಗಳು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಓದುತ್ತಿದ್ದಾಳೆ. ಖಾಸಗೀಕರಣದಿಂದ ಸರ್ಕಾರಿ ಕಂಪನಿಗಳ ಆರ್ಥಿಕ ಸ್ಥಿತಿ ಸುಧಾರಿಸುತ್ತದೆಯೇ ಎಂಬುದು ಅವಳ ಪ್ರಾಜೆಕ್ಟಿನ ವಿಷಯ. ಹಿಂದೂಸ್ತಾನ್ ಜಿಂಕ್ ಖಾಸಗಿಯಾದ ಮೇಲೆ ಅದರ ಲಾಭ ಹತ್ತಾರು ಪಟ್ಟು ಏರಿತೆಂದು ಅವಳು ಲೆಕ್ಕ ತೋರಿಸುತ್ತಾಳೆ. ನಮ್ಮ ಕೂಡಗಿಯ ಎನ್‌ಟಿಪಿಸಿ ವಿದ್ಯುತ್ ಸ್ಥಾವರ ಸರ್ಕಾರದ್ದಾಗಿದ್ದೂ ಲಾಭದಲ್ಲಿಲ್ಲವೇ ಎಂಬುದು ನನ್ನ ವಾದ. ನಮ್ಮ ಭಾಗಕ್ಕೆ ವಿದ್ಯುತ್ ವಿತರಿಸುವ ಸರ್ಕಾರಿ ಕಂಪನಿ ಹೆಸ್ಕಾಂ ಕೂಡ ಖಾಸಗಿಯವರ ಕೈಗೆ ಹೋದರೆ ನಷ್ಟ ತಪ್ಪುತ್ತದೆ ಎಂದು ಊರಲ್ಲಿ ಕೆಲವರು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಮಗಳು ತೋರಿಸುವ ಅಂಕಿಗಳೂ ನಿಜ, ನೀವು ಹೇಳುವ ಕೂಡಗಿಯ ಮಾತೂ ನಿಜ. ಆದರೆ ಈ ಎರಡು ಕಂಪನಿಗಳು ಲಾಭ ಗಳಿಸುವ ರೀತಿಯೇ ಬೇರೆಯಾದ್ದರಿಂದ ಒಂದನ್ನು ಮುಂದಿಟ್ಟು ಇನ್ನೊಂದನ್ನು ಖಂಡಿಸಲು ಬರುವುದಿಲ್ಲ. ಮಾಲೀಕತ್ವ ಬದಲಾದ ಕಂಪನಿಗಳ ಲಾಭ ಸರಾಸರಿಯಲ್ಲಿ ಏರುತ್ತದೆ ಎನ್ನುವುದಕ್ಕೆ ಸಾಕಷ್ಟು ಆಧಾರವಿದೆ. ಏರಿದ ಲಾಭ ದಕ್ಷತೆಯಿಂದ ಬಂದಿತೋ, ಮಾರುಕಟ್ಟೆಯ ದರದಿಂದ ಬಂದಿತೋ, ಕೆಲಸ ಕಳೆದುಕೊಂಡವರ ಸಂಬಳದಿಂದ ಬಂದಿತೋ, ಸರ್ಕಾರ ತನ್ನ ತಲೆಯ ಮೇಲೆ ಹೊತ್ತುಕೊಂಡ ಸಾಲದಿಂದ ಬಂದಿತೋ ಎಂದು ಬಾಬುವಾರು ಬಿಡಿಸಿ ನೋಡದ ಹೊರತು ಆ ಏರಿಕೆ ನಮಗೆ ಹೆಚ್ಚೇನನ್ನೂ ಹೇಳುವುದಿಲ್ಲ. ನಾಲ್ಕು ದಶಕ ಲೆಕ್ಕಪತ್ರಗಳ ನಡುವೆಯೇ ಕಳೆದವನಾಗಿ ಈ ಬಿಡಿಸುವ ಕೆಲಸದ ಬಗ್ಗೆಯೇ ನಾನು ಹೆಚ್ಚು ಹೇಳಬಯಸುತ್ತೇನೆ.

ಮೊದಲು ಆಧಾರದ ಮಾತು. 1994ರಲ್ಲಿ ಸಂಶೋಧಕ ಮೆಗಿನ್ಸನ್ ಮತ್ತು ಅವರ ಇಬ್ಬರು ಸಹಲೇಖಕರು 18 ದೇಶಗಳ 61 ಕಂಪನಿಗಳ ಲೆಕ್ಕಗಳನ್ನು ಖಾಸಗೀಕರಣದ ಮೊದಲು ಮತ್ತು ನಂತರ ಹೋಲಿಸಿ ನೋಡಿದರು. ಲಾಭದ ಪ್ರಮಾಣ, ಉತ್ಪಾದನೆ, ಬಂಡವಾಳ ಹೂಡಿಕೆ ಮತ್ತು ಲಾಭಾಂಶ ಏರಿದ್ದವು, ಸಾಲದ ಭಾರ ಇಳಿದಿತ್ತು, ನೌಕರರ ಸಂಖ್ಯೆ ಕುಗ್ಗಿರಲಿಲ್ಲ. ಮುಂದಿನ ವರ್ಷಗಳಲ್ಲಿ ನಡೆದ ಹಲವು ಅಧ್ಯಯನಗಳು, ನೌಕರರ ವಿಷಯವೊಂದನ್ನು ಬಿಟ್ಟರೆ, ಬಹುಮಟ್ಟಿಗೆ ಇದೇ ದಿಕ್ಕಿನಲ್ಲಿವೆ. ಆದರೆ ಆ 61 ಕಂಪನಿಗಳು ಸಾರ್ವಜನಿಕ ಷೇರು ಮಾರಾಟದ ಮೂಲಕ ಖಾಸಗಿಯಾದವು ಎಂಬುದನ್ನು ಮರೆಯಬಾರದು. ಯಾರೂ ಕೊಳ್ಳಲಾರದ ಕಂಪನಿಯ ಷೇರನ್ನು ಯಾವ ಸರ್ಕಾರವೂ ಪೇಟೆಗೆ ತರುವುದಿಲ್ಲ. ಗಟ್ಟಿಯಾದ ಎತ್ತುಗಳನ್ನೇ ಸಂತೆಗೆ ಹೊಡೆದುಕೊಂಡು ಹೋಗಿ, ಮಾರಿದ ಎತ್ತುಗಳೆಲ್ಲ ಚೆನ್ನಾಗಿ ಉಳುತ್ತವೆ ಎಂದು ಲೆಕ್ಕ ಹಾಕಿದಂತೆ ಆಗುವ ಅಪಾಯ ಇಲ್ಲಿದೆ. ಮೇಲಾಗಿ, ಸುಧಾರಣೆಯ ಬಹುಪಾಲು ಮಾರಾಟಕ್ಕಿಂತ ಮೊದಲಿನ ಎರಡು ಮೂರು ವರ್ಷಗಳಲ್ಲಿ, ಅಂದರೆ ಕಂಪನಿ ಇನ್ನೂ ಸರ್ಕಾರದ ಕೈಯಲ್ಲಿದ್ದಾಗಲೇ ಆಗಿತ್ತು ಎಂದು 2001ರಲ್ಲಿ ಡೆವೆಂಟರ್ ಮತ್ತು ಮಲಟೆಸ್ಟಾ ತೋರಿಸಿದರು. ಮಾರಲು ಸಜ್ಜಾಗುವ ಶಿಸ್ತೇ ಅರ್ಧ ಕೆಲಸ ಮಾಡುತ್ತದೆ ಎಂದು ಇದರಿಂದ ಊಹಿಸಬಹುದು.

ಬಾಬುವಾರು ಬಿಡಿಸುವುದೆಂದರೆ ಏನೆಂಬುದಕ್ಕೆ ಮೆಕ್ಸಿಕೊದ ಅಧ್ಯಯನಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಂಡಿಲ್ಲ. 1983ರಿಂದ 1991ರ ನಡುವೆ ಅಲ್ಲಿ ಮಾರಾಟವಾದ 218 ಸರ್ಕಾರಿ ಕಂಪನಿಗಳನ್ನು ಲಾ ಪೋರ್ತಾ ಮತ್ತು ಲೋಪೆಸ್ ದೆ ಸಿಲಾನೆಸ್ ಪರಿಶೀಲಿಸಿದರು. ಆ ಕಂಪನಿಗಳ ವಹಿವಾಟಿನಲ್ಲಿ ಕಾರ್ಯಾಚರಣಾ ಲಾಭದ ಪ್ರಮಾಣ 24 ಶೇಕಡಾವಾರು ಅಂಶಗಳಷ್ಟು ಏರಿತ್ತು. ಅವರು ಅಷ್ಟಕ್ಕೇ ನಿಲ್ಲದೆ ಆ ಏರಿಕೆಯನ್ನೇ ಒಡೆದು ನೋಡಿದರು. ಅದರಲ್ಲಿ ಸುಮಾರು ಶೇ. 10ರಷ್ಟು ಗ್ರಾಹಕರು ಕೊಟ್ಟ ಹೆಚ್ಚಿನ ಬೆಲೆಯಿಂದ ಬಂದಿತ್ತು, ಶೇ. 33ರಷ್ಟು ಕೆಲಸದಿಂದ ತೆಗೆದ ನೌಕರರಿಗೆ ಹೋಗುತ್ತಿದ್ದ ಹಣವಾಗಿತ್ತು, ಉಳಿದ ಶೇ. 57ರಷ್ಟು ಮಾತ್ರ ನಿಜವಾದ ಉತ್ಪಾದಕತೆಯ ಫಲವಾಗಿತ್ತು. ಈ ಶೇ. 57 ಸಣ್ಣ ಅಂಕಿಯಲ್ಲ, ಖಾಸಗೀಕರಣದ ಪರವಾಗಿ ಅದು ಬಲವಾದ ಸಾಕ್ಷಿ. ಆದರೆ ಉಳಿದ ಶೇ. 43ರಲ್ಲಿ ಹೊಸ ಸಂಪತ್ತು ಹುಟ್ಟಲಿಲ್ಲ, ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಯಿತಷ್ಟೆ. ಎರಡೂ ಲಾಭ ನಷ್ಟದ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ, ಒಂದೇ ಹೆಸರಿನಲ್ಲಿ ಕೂತಿರುತ್ತವೆ.

ಇನ್ನು ಹಿಂದೂಸ್ತಾನ್ ಜಿಂಕ್. ನಮ್ಮ ಭಾಗದ ಕಬ್ಬು ಬೆಳೆಗಾರರಿಗೆ ಗೊತ್ತಿರುವ ಒಂದು ಸಂಗತಿಯಿಂದ ಇದನ್ನು ಶುರು ಮಾಡುತ್ತೇನೆ. ಸಕ್ಕರೆ ದರ ಏರಿದ ವರ್ಷ ಕೆಟ್ಟದಾಗಿ ನಡೆಯುವ ಕಾರ್ಖಾನೆಯೂ ಲಾಭ ತೋರಿಸುತ್ತದೆ, ದರ ಬಿದ್ದ ವರ್ಷ ಚೆನ್ನಾಗಿ ನಡೆಯುವ ಕಾರ್ಖಾನೆಯೂ ಬಿಲ್ಲು ಕೊಡಲು ತಿಣುಕುತ್ತದೆ. ಆದ್ದರಿಂದ ಕಾರ್ಖಾನೆ ಹೇಗೆ ನಡೆಯುತ್ತಿದೆ ಎಂದು ತಿಳಿಯಬೇಕಾದ ರೈತ ಲಾಭವನ್ನು ಕೇಳುವುದಿಲ್ಲ. ರಿಕವರಿ, ಅಂದರೆ ಕಬ್ಬಿನಿಂದ ಸಿಕ್ಕ ಸಕ್ಕರೆಯ ಪ್ರಮಾಣ, ಎಷ್ಟು ಬಂದಿತು, ಹಂಗಾಮಿನಲ್ಲಿ ಎಷ್ಟು ಟನ್ ನುರಿಸಿದರು, ಎಷ್ಟು ದಿನ ಗಾಣ ನಿಂತಿತು ಎಂದು ಕೇಳುತ್ತಾನೆ. ಲೋಹದ ಕಂಪನಿಗೂ ಇದೇ ಪ್ರಶ್ನೆಗಳು ಅನ್ವಯಿಸುತ್ತವೆ. 2002ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹಿಂದೂಸ್ತಾನ್ ಜಿಂಕ್‌ನ ಶೇ. 26ರಷ್ಟು ಷೇರನ್ನು, ಆಡಳಿತದ ಹಿಡಿತದೊಂದಿಗೆ, ಸ್ಟರ್ಲೈಟ್ ಸಮೂಹಕ್ಕೆ 445 ಕೋಟಿ ರೂಪಾಯಿಗೆ ಮಾರಿತು. ಆ ವರ್ಷ ಜಿಂಕ್, ಅಂದರೆ ಸತುವು, ಲಂಡನ್ ಪೇಟೆಯಲ್ಲಿ ಟನ್ನಿಗೆ 800 ಡಾಲರಿನ ಆಸುಪಾಸಿನಲ್ಲಿತ್ತು. 2006ರ ಕೊನೆಯ ಹೊತ್ತಿಗೆ ಅದು 4,000 ಡಾಲರನ್ನು ದಾಟಿತ್ತು. ಆಡಳಿತ ಯಾರದೇ ಇರಲಿ, ಗಣಿಯಿಂದ ಅದಿರು ತೆಗೆಯುವ ಖರ್ಚು ಹೆಚ್ಚೂ ಕಡಿಮೆ ಅಷ್ಟೇ ಇರುವಾಗ ಮಾರುವ ದರ ನಾಲ್ಕೈದು ಪಟ್ಟಾದರೆ ಲಾಭ ಹತ್ತಾರು ಪಟ್ಟು ಏರುವುದು ಗಣಿತದ ಸಹಜ ಫಲ. ನಿಮ್ಮ ಮಗಳ ಕೋಷ್ಟಕದಲ್ಲಿ 2002 ಮತ್ತು 2007ರ ನಿವ್ವಳ ಲಾಭ ಅಕ್ಕಪಕ್ಕದಲ್ಲಿದ್ದು, ನಡುವೆ ಸತುವಿನ ದರದ ಕಾಲಂ ಇಲ್ಲದಿದ್ದರೆ, ಆ ಕೋಷ್ಟಕ ಖಾಸಗೀಕರಣವನ್ನಲ್ಲ, ಲಂಡನ್ ಪೇಟೆಯನ್ನು ಅಳೆಯುತ್ತಿದೆ.

ಹಾಗೆಂದು ಹೊಸ ಆಡಳಿತ ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ರಾಜಸ್ಥಾನದ ರಾಂಪುರಾ ಆಗುಚಾದ ಅದಿರು ನಿಕ್ಷೇಪ ಸಿಕ್ಕಿದ್ದು 1977ರಲ್ಲಿ, ಚಂದೇರಿಯಾದ ಮೊದಲ ಸ್ಮೆಲ್ಟರ್, ಅಂದರೆ ಅದಿರು ಕರಗಿಸಿ ಲೋಹ ತೆಗೆಯುವ ಘಟಕ, ಆರಂಭವಾದದ್ದು 1991ರಲ್ಲಿ. ಎರಡೂ ಸರ್ಕಾರದ ಕಾಲದ ಹೂಡಿಕೆಗಳು, ಮುಂದಿನ ಯಶಸ್ಸೆಲ್ಲ ನಿಂತಿರುವುದು ಆ ಬುನಾದಿಯ ಮೇಲೆ. ಆದರೆ 2002ರ ನಂತರ ಸ್ಮೆಲ್ಟರುಗಳ ವಿಸ್ತರಣೆ ನಡೆದ ವೇಗ ಸರ್ಕಾರಿ ಕಡತಗಳಲ್ಲಿ ಸಾಧ್ಯವಾಗುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ. 2022-23ರಲ್ಲಿ ಕಂಪನಿ ಸತುವು ಮತ್ತು ಸೀಸ ಸೇರಿ 10 ಲಕ್ಷ ಟನ್ನಿಗೂ ಹೆಚ್ಚು ಶುದ್ಧ ಲೋಹ ತಯಾರಿಸಿತು, ಅದು ಮಾರಾಟದ ಕಾಲದ ಉತ್ಪಾದನೆಯ ಹಲವು ಪಟ್ಟು. ದರವನ್ನು ಪೇಟೆ ಕೊಟ್ಟಿತು, ಟನ್ನುಗಳನ್ನು ಆಡಳಿತ ಕೊಟ್ಟಿತು. ಎರಡನ್ನೂ ಬೇರ್ಪಡಿಸಿ ಬರೆದರೆ ಮಗಳ ವಾದ ದುರ್ಬಲವಾಗುವ ಬದಲು ಇನ್ನಷ್ಟು ಗಟ್ಟಿಯಾಗುತ್ತದೆ.

ಇದೇ ಕಂಪನಿಯಲ್ಲಿ ವಿದ್ಯಾರ್ಥಿಗಳು ಎಡವುವ ಇನ್ನೊಂದು ಜಾಗವಿದೆ. ಹೂಡಿದ ಬಂಡವಾಳದ ಮೇಲಿನ ಗಳಿಕೆ ಎಂಬ ಅನುಪಾತವನ್ನು ಎಲ್ಲರೂ ಹಾಕುತ್ತಾರೆ, ಛೇದದಲ್ಲಿ ಏನಾಯಿತೆಂದು ಬಹಳ ಮಂದಿ ನೋಡುವುದಿಲ್ಲ. 2022-23ರಲ್ಲಿ ಹಿಂದೂಸ್ತಾನ್ ಜಿಂಕ್‌ನ ನಿವ್ವಳ ಲಾಭ 10,511 ಕೋಟಿ ರೂಪಾಯಿ, ಅದೇ ವರ್ಷ ಘೋಷಿಸಿದ ಲಾಭಾಂಶ ಷೇರಿಗೆ 75.50 ರೂಪಾಯಿಯಂತೆ 31,901 ಕೋಟಿ. ಗಳಿಸಿದ್ದರ ಮೂರು ಪಟ್ಟು ಹಂಚಿದ್ದರಿಂದ ವರ್ಷಗಳಿಂದ ಕೂಡಿಟ್ಟ ಮೀಸಲು ನಿಧಿ ಕರಗಿ, ನೆಟ್‌ವರ್ತ್, ಅಂದರೆ ಷೇರುದಾರರ ಒಟ್ಟು ಬಂಡವಾಳ, ಒಂದೇ ವರ್ಷದಲ್ಲಿ ಇಪ್ಪತ್ತೊಂದು ಸಾವಿರ ಕೋಟಿಗಳಷ್ಟು ಇಳಿಯಿತು. ಛೇದ ಹೀಗೆ ಕುಗ್ಗಿದರೆ ಲಾಭ ಇಳಿದ ವರ್ಷದಲ್ಲೂ ಷೇರುದಾರರ ಬಂಡವಾಳದ ಮೇಲಿನ ಗಳಿಕೆ ಏರಿದಂತೆ ಕಾಣುತ್ತದೆ. ಕಂಪನಿ ಹೆಚ್ಚು ದಕ್ಷವಾಗಿದ್ದರಿಂದ ಆದದ್ದಲ್ಲ ಅದು, ತಿಜೋರಿ ಖಾಲಿಯಾದದ್ದರಿಂದ ಆದದ್ದು. ಒಂದು ಮಾತು ಇಲ್ಲಿ ಸೇರಿಸಬೇಕು: ಆಗ ಸರ್ಕಾರದ ಬಳಿ ಇನ್ನೂ ಶೇ. 29.54ರಷ್ಟು ಷೇರು ಉಳಿದಿದ್ದರಿಂದ ಆ ಲಾಭಾಂಶದಲ್ಲಿ ಒಂಬತ್ತು ಸಾವಿರ ಕೋಟಿಗೂ ಹೆಚ್ಚು ಬೊಕ್ಕಸಕ್ಕೆ ಬಂದಿತು. 2002ರಲ್ಲಿ ಮಾರಿ ಪಡೆದ 445 ಕೋಟಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ, ಪೂರ್ತಿ ಕೈಬಿಡದೆ ಪಾಲು ಉಳಿಸಿಕೊಂಡದ್ದು ಸರ್ಕಾರ ಮಾಡಿದ ಬುದ್ಧಿವಂತ ಕೆಲಸ ಎಂದು ನಾನು ತಿಳಿಯುತ್ತೇನೆ.

ಸಾಲದ ವಿಷಯಕ್ಕೆ ಏರ್ ಇಂಡಿಯಾವನ್ನೇ ನೋಡಬೇಕು. 2021ರ ಆಗಸ್ಟ್ ಕೊನೆಯಲ್ಲಿ ಅದರ ಸಾಲ 61,562 ಕೋಟಿ ರೂಪಾಯಿ ಇತ್ತು. ಟಾಟಾ ಸಮೂಹ ಒಪ್ಪಿಕೊಂಡ 18,000 ಕೋಟಿಯ ಬೆಲೆಯಲ್ಲಿ 15,300 ಕೋಟಿ ಆ ಸಾಲದ ಭಾಗ, 2,700 ಕೋಟಿ ನಗದು. ಉಳಿದ 46,262 ಕೋಟಿ ಸಾಲವನ್ನು ಸರ್ಕಾರ ತನ್ನದೇ ಬೇರೊಂದು ಸಂಸ್ಥೆಗೆ ವರ್ಗಾಯಿಸಿಕೊಂಡಿತು. 2022ರ ಜನವರಿ 27ರಂದು ಕಂಪನಿ ಹಸ್ತಾಂತರವಾಯಿತು. ನಾಲ್ಕರಲ್ಲಿ ಮೂರು ಪಾಲು ಸಾಲ ಹೊರಗುಳಿದ ಮೇಲೆ ಬಡ್ಡಿಯ ಖರ್ಚು ಇಳಿಯಲೇಬೇಕು, ಮತ್ತು ಆ ಇಳಿಕೆಗೆ ಹೊಸ ಮಾಲೀಕರ ಜಾಣತನ ಕಾರಣವಲ್ಲ, ತೆರಿಗೆದಾರರ ಹಣ ಕಾರಣ. ಆ ಸಾಲವನ್ನು ಸರ್ಕಾರ ಹೊತ್ತದ್ದು ತಪ್ಪೆಂದು ನಾನು ಹೇಳುವುದಿಲ್ಲ, ಹೊರದೆ ಕೊಳ್ಳುವವರು ಯಾರೂ ಇರಲಿಲ್ಲ. ಹಿಂದಿನ ವರ್ಷಗಳ ನಷ್ಟವನ್ನೂ ಮುಂದಿನ ವರ್ಷಗಳ ಫಲಿತಾಂಶವನ್ನೂ ಹೋಲಿಸುವಾಗ ಬಡ್ಡಿಯನ್ನು ಕಳೆಯುವ ಮೊದಲಿನ ಲಾಭವನ್ನೇ ತೆಗೆದುಕೊಳ್ಳಬೇಕು ಎನ್ನುವುದಷ್ಟೇ ನನ್ನ ಮಾತು.

ನೌಕರರ ವೆಚ್ಚದ ಸಾಲನ್ನು ಓದುವಾಗಲೂ ಇಷ್ಟೇ ಎಚ್ಚರ ಬೇಕು. ನಾನು ಹಿಂದೊಮ್ಮೆ ಲೆಕ್ಕ ನೋಡಿದ ಕಾರ್ಖಾನೆಯೊಂದರಲ್ಲಿ ಮಾಲೀಕತ್ವ ಬದಲಾದ ಎರಡೇ ವರ್ಷಗಳಲ್ಲಿ ನೌಕರರ ವೆಚ್ಚ ಗಣನೀಯವಾಗಿ ಇಳಿದಿತ್ತು, ಎಲ್ಲರೂ ಅದನ್ನು ಮೆಚ್ಚುತ್ತಿದ್ದರು. ಒಳಗಿನ ಟಿಪ್ಪಣಿಗಳನ್ನು ತೆರೆದಾಗ ‘ಇತರ ವೆಚ್ಚಗಳು’ ಎಂಬ ತಲೆಬರಹದಡಿ ಗುತ್ತಿಗೆ ಕಾರ್ಮಿಕರ ಬಾಬು ಅದೇ ಪ್ರಮಾಣದಲ್ಲಿ ಏರಿದ್ದು ಕಂಡಿತು. ಅವೇ ಯಂತ್ರಗಳ ಮುಂದೆ ಬಹುಪಾಲು ಅದೇ ಊರುಗಳ ಜನ ನಿಂತಿದ್ದರು, ಭವಿಷ್ಯನಿಧಿಯ ಭದ್ರತೆ ಮಾತ್ರ ಮೊದಲಿನಂತಿರಲಿಲ್ಲ. ಸ್ವಯಂ ನಿವೃತ್ತಿಯ ಪರಿಹಾರವನ್ನು ಮಾರಾಟಕ್ಕೆ ಮುಂಚೆ ಸರ್ಕಾರವೇ ಕೊಟ್ಟು ಮುಗಿಸಿದ್ದರೆ ಅದರ ಲಾಭವೂ ನಂತರದ ವರ್ಷಗಳ ಪಾಲಿಗೇ ಬೀಳುತ್ತದೆ. ಇದಲ್ಲದೆ, ಸರ್ಕಾರದ ಪಾಲು ಶೇ. 51ಕ್ಕಿಂತ ಕೆಳಗಿಳಿದ ಕಂಪನಿ ಕಾನೂನಿನ ಅರ್ಥದಲ್ಲಿ ಸರ್ಕಾರಿ ಕಂಪನಿಯಾಗಿ ಉಳಿಯುವುದಿಲ್ಲವಾದ್ದರಿಂದ ಮಹಾಲೇಖಪಾಲರ (ಸಿಎಜಿ) ಪೂರಕ ಪರಿಶೋಧನೆ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ. ಹಾಗಾಗಿ ಮೊದಲಿನ ಮತ್ತು ನಂತರದ ಲೆಕ್ಕಗಳನ್ನು ನೋಡಿದ ಕಣ್ಣುಗಳೂ ಒಂದೇ ಅಲ್ಲ.

ಕೂಡಗಿಗೆ ಬರೋಣ. 800 ಮೆಗಾವಾಟಿನ ಮೂರು ಘಟಕಗಳ, ಒಟ್ಟು 2,400 ಮೆಗಾವಾಟಿನ ಆ ಸ್ಥಾವರದ ಮಾಲೀಕ ಎನ್‌ಟಿಪಿಸಿ. ಅದರಲ್ಲಿ ಕೇಂದ್ರ ಸರ್ಕಾರದ ಪಾಲು ಈಗ ಶೇ. 51ರ ಆಸುಪಾಸಿನಲ್ಲಿದೆ, ಉಳಿದದ್ದು 2004ರ ಮೊದಲ ಷೇರು ಮಾರಾಟದಿಂದ ಆರಂಭಿಸಿ ಹಂತಹಂತವಾಗಿ ಪೇಟೆಯ ಕೈಸೇರಿದೆ. ಅದು ಲಾಭದಲ್ಲಿದೆ ಎಂಬುದು ನಿಜ, ಆದರೆ ಆ ಲಾಭದ ಚೌಕಟ್ಟನ್ನು ಕಟ್ಟಿಕೊಟ್ಟದ್ದು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ದರ ನಿಯಮ. ಹೂಡಿದ ಸ್ವಂತ ಬಂಡವಾಳದ ಮೇಲೆ, ಯೋಜನಾ ವೆಚ್ಚದ ಶೇ. 30ರ ಮಿತಿಯೊಳಗೆ, ಶೇ. 15.5ರ ಗಳಿಕೆಯನ್ನು ಆಯೋಗ ವರ್ಷಗಳಿಂದ ಅನುಮತಿಸುತ್ತ ಬಂದಿದೆ. ಸ್ಥಾವರ ನಿಗದಿತ ಮಟ್ಟದಲ್ಲಿ ಉತ್ಪಾದನೆಗೆ ಸಿದ್ಧವಾಗಿದ್ದರೆ ಸಾಕು, ಹೆಸ್ಕಾಂನಂತಹ ವಿತರಣಾ ಕಂಪನಿಗಳಾದ ಎಸ್ಕಾಂಗಳು ವಿದ್ಯುತ್ ಪಡೆಯಲಿ ಬಿಡಲಿ, ಸ್ಥಿರ ಶುಲ್ಕವನ್ನು ಕೊಡಲೇಬೇಕು. ಕಲ್ಲಿದ್ದಲಿನ ಖರ್ಚು ಬೇರೆಯಾಗಿ ಕೊಳ್ಳುವವರ ಬಿಲ್ಲಿಗೆ ಸೇರುತ್ತದೆ. ಎನ್‌ಟಿಪಿಸಿಯ ಎಂಜಿನಿಯರುಗಳು ಸ್ಥಾವರ ನಡೆಸುವುದರಲ್ಲಿ ನಿಪುಣರು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಇಂತಹ ಖಾತರಿ ಇರುವಲ್ಲಿ ಮಾಲೀಕ ಸರ್ಕಾರವಾದರೂ ಖಾಸಗಿಯವರಾದರೂ ಲಾಭ ಬಹುತೇಕ ಅಷ್ಟೇ ಬರುತ್ತದೆ. ಸರ್ಕಾರಿ ಆಡಳಿತವೂ ಪೈಪೋಟಿಯಲ್ಲಿ ಗೆಲ್ಲಬಲ್ಲದು ಎಂದು ನೀವು ವಾದಿಸಬೇಕಾದರೆ ಕೂಡಗಿಗಿಂತ ನಮ್ಮ ಮೈಸೂರು ಸ್ಯಾಂಡಲ್ ಸೋಪಿನ ಕಂಪನಿ ಒಳ್ಳೆಯ ಉದಾಹರಣೆ. ಅದರ ಸೋಪನ್ನು ಕೊಳ್ಳಲೇಬೇಕೆಂದು ಯಾರಿಗೂ ಒತ್ತಾಯವಿಲ್ಲ, ಅದೇ ಅಂಗಡಿಯ ಅದೇ ಅಟ್ಟಣಿಗೆಯಲ್ಲಿ ದೊಡ್ಡ ದೊಡ್ಡ ಖಾಸಗಿ ಕಂಪನಿಗಳ ಸೋಪುಗಳ ಪಕ್ಕದಲ್ಲಿ ಮಾರಾಟವಾಗಿ ಅದು ಲಾಭ ಗಳಿಸುತ್ತಿದೆ. ಬೆಳಗಾವಿಯ ಇಂಡಾಲ್ ಕಾರ್ಖಾನೆಯನ್ನು ಕೆಲವರು ಖಾಸಗೀಕರಣದ ಉದಾಹರಣೆಯಾಗಿ ಎತ್ತುವುದುಂಟು, ಅದು ತಪ್ಪು. ಇಂಡಾಲ್ ವಿದೇಶಿ ಕಂಪನಿಯಿಂದ ಬಿರ್ಲಾ ಸಮೂಹದ ಹಿಂಡಾಲ್ಕೊ ಪಾಲಾಯಿತು, ಸರ್ಕಾರದಿಂದಲ್ಲ.

ಎನ್‌ಟಿಪಿಸಿಯಂತೆ ಹಿಡಿತ ಬಿಡದೆ ಒಂದಿಷ್ಟು ಷೇರು ಮಾತ್ರ ಮಾರುವುದರಿಂದ ಪ್ರಯೋಜನವುಂಟೇ ಎಂದು ಮಗಳು ಕೇಳಬಹುದು. ಭಾರತದ ಕಂಪನಿಗಳನ್ನೇ ಪರಿಶೀಲಿಸಿದ ನಂದಿನಿ ಗುಪ್ತಾ ಅವರ 2005ರ ಅಧ್ಯಯನ ಉಂಟೆನ್ನುತ್ತದೆ. ಷೇರಿನ ದರ ದಿನವೂ ಪ್ರಕಟವಾಗುವುದರಿಂದ ಆಡಳಿತದ ಕೆಲಸವನ್ನು ಅಳೆಯುವ ಒಂದು ಕೋಲು ಸಿಗುತ್ತದೆ, ಅದರ ಪರಿಣಾಮ ಲಾಭದಲ್ಲೂ ಉತ್ಪಾದಕತೆಯಲ್ಲೂ ಹೂಡಿಕೆಯಲ್ಲೂ ಕಾಣಿಸಿತು. ಆದರೆ 2018ರಲ್ಲಿ ಸರ್ಕಾರಿ ತೈಲ ಕಂಪನಿ ಎಚ್‌ಪಿಸಿಎಲ್‌ನ ಶೇ. 51.11ರಷ್ಟು ಷೇರನ್ನು ಇನ್ನೊಂದು ಸರ್ಕಾರಿ ಕಂಪನಿಯಾದ ಒಎನ್‌ಜಿಸಿ 36,915 ಕೋಟಿ ಕೊಟ್ಟು ಕೊಂಡಂತಹ ವ್ಯವಹಾರವನ್ನು ಈ ಪಟ್ಟಿಗೆ ಸೇರಿಸಬಾರದು. ಬಜೆಟ್ಟಿನಲ್ಲಿ ಅದು ಬಂಡವಾಳ ಹಿಂತೆಗೆತದ ಆದಾಯವಾಯಿತು, ಕೊಂಡ ಕಂಪನಿಗೆ ಸಾಲವಾಯಿತು, ಮಾಲೀಕ ಮಾತ್ರ ಮೊದಲಿನ ಸರ್ಕಾರವೇ.

ಹೆಸ್ಕಾಂ ವಿಷಯದಲ್ಲಿ ಊರಿನವರ ಮಾತನ್ನು ತಳ್ಳಿಹಾಕಲಾರೆ. 2002ರ ಜುಲೈನಲ್ಲಿ ದೆಹಲಿಯ ವಿದ್ಯುತ್ ವಿತರಣೆಯನ್ನು ಖಾಸಗಿಯವರಿಗೆ ವಹಿಸಿದಾಗ ಅಲ್ಲಿಗೆ ಬಂದ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಪಾಲು ಸೋರಿಕೆ, ಕಳವು ಮತ್ತು ವಸೂಲಾಗದ ಬಿಲ್ಲುಗಳಲ್ಲಿ ಕಳೆದುಹೋಗುತ್ತಿತ್ತು. ಇಂದು ಆ ನಷ್ಟ ಒಂದಂಕಿಯ ಪ್ರಮಾಣಕ್ಕೆ ಇಳಿದಿದೆ. ಮೀಟರು, ಕೇಬಲ್ಲು, ವಸೂಲಾತಿಗಳಲ್ಲಿ ಹಿಡಿದ ಶಿಸ್ತಿನ ಫಲ ಅದು, ನಿಜವಾದ ಸಾಧನೆ. ಆದರೆ ಅದಕ್ಕಿಂತ ಮೂರು ವರ್ಷ ಮೊದಲು, 1999ರಲ್ಲಿ, ಇದೇ ಪ್ರಯೋಗ ಮಾಡಿದ ಒಡಿಶಾದಲ್ಲಿ ಒಂದು ವಿದೇಶಿ ಕಂಪನಿ 2001ರಲ್ಲೇ ಕೈಬಿಟ್ಟು ಹೊರಟಿತು, ಉಳಿದ ಮೂರು ಪ್ರದೇಶಗಳ ಖಾಸಗಿ ಪರವಾನಗಿ 2015ರಲ್ಲಿ ರದ್ದಾಯಿತು, 2020-21ರಲ್ಲಿ ಎಲ್ಲವನ್ನೂ ಹೊಸದಾಗಿ ಟಾಟಾ ಪವರ್‌ಗೆ ವಹಿಸಬೇಕಾಯಿತು. ವ್ಯತ್ಯಾಸ ಎಲ್ಲಿತ್ತು? ದೆಹಲಿ ಸರ್ಕಾರ ಬದಲಾವಣೆಯ ಮೊದಲ ವರ್ಷಗಳಿಗೆಂದು 3,450 ಕೋಟಿ ರೂಪಾಯಿ ತೆಗೆದಿಟ್ಟು, ನಷ್ಟವನ್ನು ವರ್ಷಕ್ಕೆ ಇಷ್ಟಿಷ್ಟು ಇಳಿಸಬೇಕೆಂದು ಕರಾರು ಮಾಡಿಕೊಂಡಿತ್ತು. ಒಡಿಶಾದಲ್ಲಿ ನಿಜವಾದ ನಷ್ಟವೆಷ್ಟೆಂಬುದೇ ಸರಿಯಾಗಿ ತಿಳಿಯದೆ, ನಡುವಿನ ಕಾಲಕ್ಕೆ ಆಸರೆಯೂ ಇಲ್ಲದೆ ಕೆಲಸ ಶುರುವಾಯಿತು. ದೆಹಲಿಯ ಲೆಕ್ಕದಲ್ಲೂ ಒಂದು ಮುಳ್ಳಿದೆ. ದರ ಏರಿಸದೆ ಮುಂದೂಡಿದ ಸಾವಿರಾರು ಕೋಟಿ ರೂಪಾಯಿಗಳನ್ನು ಗ್ರಾಹಕರಿಂದ ಮುಂದೆ ಬರಬೇಕಾದ ಬಾಕಿ ಎಂದು ಕಂಪನಿಗಳು ಆಸ್ತಿಯ ಕಡೆ ತೋರಿಸುತ್ತಿವೆ. ಲಾಭ ಕಾಗದದ ಮೇಲಿದೆ, ನಗದು ಇನ್ನೂ ಬರಬೇಕಿದೆ.

ಹೆಸ್ಕಾಂ ಸ್ಥಿತಿ ದೆಹಲಿಗಿಂತ ಒಡಿಶಾಕ್ಕೆ ಹತ್ತಿರ ಎಂಬುದು ನನ್ನ ಅಭಿಪ್ರಾಯ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೇರಿದಂತೆ ಏಳು ಜಿಲ್ಲೆಗಳ ಈ ಕಂಪನಿಯ ವಿದ್ಯುತ್ತಿನ ದೊಡ್ಡ ಪಾಲು ನೀರಾವರಿ ಪಂಪ್‌ಸೆಟ್‌ಗಳಿಗೆ ಹೋಗುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ, ಅದರ ಬೆಲೆಯನ್ನು ರಾಜ್ಯ ಸರ್ಕಾರ ಸಹಾಯಧನವಾಗಿ ತುಂಬಬೇಕು. 2003ರ ವಿದ್ಯುತ್ ಕಾಯ್ದೆಯ 65ನೇ ಕಲಮು ಆ ಹಣವನ್ನು ಮುಂಗಡವಾಗಿ ಕೊಡಬೇಕೆನ್ನುತ್ತದೆ. ಹಣ ತಡವಾದರೆ ಕಂಪನಿ ಸಾಲ ಮಾಡುತ್ತದೆ, ಬಡ್ಡಿ ಬೆಳೆಯುತ್ತದೆ, ಆ ಬಡ್ಡಿ ನಷ್ಟದ ಸಾಲಿಗೆ ಸೇರುತ್ತದೆ. ಮೀಟರಿಲ್ಲದ ಪಂಪ್‌ಸೆಟ್‌ಗಳ ಬಳಕೆಯನ್ನು ಅಂದಾಜಿನ ಮೇಲೆ ಬರೆಯುವಾಗ ರೈತರು ಬಳಸಿದ್ದೆಷ್ಟು, ತಂತಿಯಲ್ಲಿ ಸೋರಿದ್ದೆಷ್ಟು ಎಂಬ ಗೆರೆಯೂ ಮಸುಕಾಗುತ್ತದೆ. ಕೂಡಗಿಯಂತಹ ಸ್ಥಾವರಗಳ ಸ್ಥಿರ ಶುಲ್ಕ ಎಸ್ಕಾಂಗಳ ಖರ್ಚಿನ ಕಡೆ ಬೀಳುವುದರಿಂದ, ನೀವು ಹೆಮ್ಮೆಪಡುವ ಅಲ್ಲಿನ ಲಾಭದ ಒಂದಂಶ ಇಲ್ಲಿನ ವೆಚ್ಚವೇ ಆಗಿದೆ. ಸರ್ಕಾರದ ಬಾಕಿ ಸಮಯಕ್ಕೆ ಬಾರದಿದ್ದರೆ ಖಾಸಗಿ ಮಾಲೀಕ ಒಂದೋ ದರ ಏರಿಸಲು ಆಯೋಗದ ಬಾಗಿಲು ತಟ್ಟುತ್ತಾನೆ, ಇಲ್ಲವೇ ಒಡಿಶಾದಲ್ಲಿ ಆದಂತೆ ಹೊರಟುಹೋಗುತ್ತಾನೆ. ಆದ್ದರಿಂದ ಮೊದಲು ಫೀಡರು ಮತ್ತು ಪಂಪ್‌ಸೆಟ್ಟಿನ ಅಳತೆ, ಆಮೇಲೆ ಸಹಾಯಧನದ ಮುಂಗಡ ಪಾವತಿ, ಅದಾದ ಮೇಲೆ ಮಾಲೀಕತ್ವದ ಚರ್ಚೆ ಎಂಬ ಕ್ರಮವನ್ನು ನಾನು ಬಲವಾಗಿ ಒತ್ತಾಯಿಸುತ್ತೇನೆ.

ಪೈಪೋಟಿಯೇ ಇಲ್ಲದ ಸೇವೆಗಳಲ್ಲಿ ನಿಯಂತ್ರಣ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ನೀರಿನ ಕಂಪನಿಗಳನ್ನು ಒಂದು ಮಾತಿನಲ್ಲಿ ನೆನೆಯಬಹುದು. 1989ರಲ್ಲಿ ಸಾಲ ಮನ್ನಾ ಮಾಡಿ ಮಾರಿದ ಆ ಕಂಪನಿಗಳ ಒಟ್ಟು ಸಾಲ ಈಗ 60 ಶತಕೋಟಿ ಪೌಂಡಿಗಿಂತ ಹೆಚ್ಚು, ಆ ನಡುವೆ ಷೇರುದಾರರಿಗೆ ಲಾಭಾಂಶ ಹರಿಯುತ್ತಲೇ ಇತ್ತು.

ಮಗಳ ಪ್ರಾಜೆಕ್ಟಿಗೆ ನನ್ನ ಸಲಹೆ ಹೀಗಿದೆ. ಮಾರಾಟದ ವರ್ಷವನ್ನು ಬಿಟ್ಟು ಅದರ ಹಿಂದಿನ ಐದು, ಮುಂದಿನ ಐದು ವರ್ಷಗಳನ್ನು ತೆಗೆದುಕೊಳ್ಳಲಿ. ನಿವ್ವಳ ಲಾಭದ ಬದಲು ಬಡ್ಡಿ, ಸವಕಳಿ, ತೆರಿಗೆ ಮತ್ತು ಇತರ ಆದಾಯಗಳನ್ನು ಹೊರಗಿಟ್ಟ ಕಾರ್ಯಾಚರಣಾ ಲಾಭವನ್ನು ಹಿಡಿಯಲಿ, ನೌಕರರ ವೆಚ್ಚಕ್ಕೆ ಗುತ್ತಿಗೆ ಕಾರ್ಮಿಕರ ಬಾಬನ್ನು ಕೂಡಿಸಿಕೊಳ್ಳಲಿ. ಹಿಂದೂಸ್ತಾನ್ ಜಿಂಕ್‌ಗೆ ಜೋಡಿಯಾಗಿ, ಅದೇ ಕಾಲದಲ್ಲಿ ಸರ್ಕಾರದ ಕೈಯಲ್ಲೇ ಉಳಿದ ಅಲ್ಯೂಮಿನಿಯಂ ಕಂಪನಿಯಾದ ನಾಲ್ಕೊದ ಲೆಕ್ಕವನ್ನು ಇಡಲಿ. ಲೋಹ ಬೇರೆಯಾದರೂ ಪೇಟೆಯ ಏರಿಳಿತದ ಕಾಲ ಒಂದೇ. ಎರಡಕ್ಕೂ ಆಯಾ ಲೋಹದ ವರ್ಷದ ಸರಾಸರಿ ದರವನ್ನು ಪಕ್ಕದ ಕಾಲಂನಲ್ಲಿ ಬರೆದು, 2002ರ ದರವನ್ನೇ ಎಲ್ಲ ವರ್ಷಗಳಿಗೂ ಹಾಕಿದರೆ ಆದಾಯ ಎಷ್ಟಾಗುತ್ತಿತ್ತೆಂದು ಇನ್ನೊಮ್ಮೆ ಗುಣಿಸಿ ನೋಡಲಿ. ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಉತ್ಪಾದನೆಯ ಟನ್ನುಗಳು ದೊರೆಯುತ್ತವೆ, ಅವುಗಳನ್ನು ಹಿಡಿದು ಕೂತರೆ ಎರಡು ದಿನದ ಕೆಲಸ. ನಿಜವಾಗಿ ಬಂದ ಆದಾಯದಿಂದ ಆ ಗುಣಾಕಾರದಲ್ಲಿ ಬಂದ ಮೊತ್ತವನ್ನು ಕಳೆದಾಗ ಉಳಿಯುವುದು ದರದ ಕೊಡುಗೆ, ಗುಣಿಸಿದ ಮೊತ್ತವೇ 2002ಕ್ಕಿಂತ ಎಷ್ಟು ಬೆಳೆದಿದೆ ಎಂಬುದು ಟನ್ನುಗಳ ಕೊಡುಗೆ. ಈ ಕೋಷ್ಟಕ ಸಿದ್ಧವಾದ ಮೇಲೆ ನೀವಿಬ್ಬರೂ ಒಟ್ಟಿಗೆ ಕುಳಿತು ಅದನ್ನು ನೋಡಿ, ಸಂದೇಹ ಉಳಿದರೆ ಅಂಕಿಗಳ ಸಮೇತ ಮತ್ತೆ ಬರೆಯಿರಿ.